ದೇವತೆಗಳು ಕಟ್ಟಿದ ಗೋಡೆ

ದಕ್ಷಿಣ ಅಮೆರಿಕದ ಇಂಕಾ ಜನರು ಹಿಂದೆ ಕಟ್ಟಿದ್ದ, ಆಮೇಲೆ ಪಾಳುಬಿದ್ದ ಬೆಟ್ಟದ ಊರೊಂದರಲ್ಲಿ ಒಂಟೆಯ ಜಾತಿಗೆ ಸೇರಿದ ಮುದಿ ಲಾಮಾ ಒಬ್ಬಳು ಮೇಯುತ್ತಿದ್ದಳು. ತಲೆತಲಾಂತರದಿಂದ ಆ ಬೆಟ್ಟಕ್ಕೆ ಹೊರೆ ಹೊತ್ತ ಪ್ರಾಣಿಗಳ ಕುಲ ಅವಳದು. ಒಂದು ದಿನ ಬಯಲಿನ ಕುದುರೆಯೊಂದು ಪ್ರವಾಸಿಯನ್ನು ಹೊತ್ತು ಮೊದಲ ಸಲ ಅಲ್ಲಿಗೆ ಬಂತು. ಕೂದಲೆಳೆಯೂ ತೂರದಂತೆ ಕೂಡಿಸಿದ್ದ ಕಲ್ಲಿನ ಗೋಡೆಯನ್ನು ನೋಡಿ ಬೆರಗಾಯಿತು.

"ಇದು ಮನುಷ್ಯರ ಕೆಲಸವಲ್ಲ. ಈ ಬೆಟ್ಟದವರದಂತೂ ಅಲ್ಲವೇ ಅಲ್ಲ. ದೇವತೆಗಳೇ ಇಳಿದು ಬಂದು ಕಟ್ಟಿರಬೇಕು" ಎಂದಿತು.

ಲಾಮಾಳ ಮೈ ಉರಿದುಹೋಯಿತು. ಆದರೂ ತಡೆದುಕೊಂಡು, ಪ್ರವಾಸಿ ಇಳಿದ ಮೇಲೆ, ಕುದುರೆಯನ್ನು ಇಳಿಜಾರಿಗೆ ಕರೆದೊಯ್ದಳು. ಅಲ್ಲಿ ಗೋಡೆ ಸೇರದ ಬಂಡೆಯೊಂದು ಅರ್ಧ ದಾರಿಯಲ್ಲೇ ಬಿದ್ದಿತ್ತು.

"ಹಗ್ಗ ಹರಿದು ಇದು ಉರುಳಿದಾಗ, ಎಳೆಯುತ್ತಿದ್ದ ಈ ಬೆಟ್ಟದ ಜನ ಕೆಳಗೆ ಸಿಕ್ಕಿ ಸತ್ತರು. ಅವರಿಗೆ ಮೆಕ್ಕೆಜೋಳ ಹೊತ್ತು ತಂದವಳು ನನ್ನ ಮುತ್ತಜ್ಜಿಯ ಮುತ್ತಜ್ಜಿ. ದೇವತೆಗಳು ಎತ್ತಿದ್ದರೆ ಇದು ಇಲ್ಲೇಕೆ ಉಳಿಯಿತು? ಅವರಿಗೂ ಹೆಗಲು ನೋಯುತ್ತದೆಯೇ?"

ಕುದುರೆ ಬಂಡೆಯನ್ನು ಮೂಸಿ ನೋಡಿತು. "ಹಾಗಾದರೆ ಬಿದ್ದದ್ದು ನಿಮ್ಮವರದು, ನಿಂತದ್ದು ದೇವತೆಗಳದು" ಎಂದಿತು.

ಲಾಮಾ ಅದರ ಮುಖಕ್ಕೆ ಉಗಿದಳು.

"ಥೂ! ನಿಮ್ಮ ಕುಲದ ಬುದ್ಧಿಯೇ ಇಷ್ಟು!" ಎಂದು ಕುದುರೆ ಕಿರುಚಿತು.

"ಅಂತೂ ಈ ಉಗುಳನ್ನಾದರೂ ನಮ್ಮದೆಂದು ಒಪ್ಪಿಕೊಂಡೆ" ಎಂದು ಲಾಮಾ ಇನ್ನೊಮ್ಮೆ ಉಗಿದಳು.