ಹಿಂಗೈಯ ಪರೀಕ್ಷೆ

"ಗುರುಗಳೇ, ಒಂದು ದೋಷ ಇದೆ ಎಂದು ಇನ್ನೊಬ್ಬರು ಹೇಳುತ್ತಾರೆ. ನಾನೇ ಹೋಗಿ ಪರೀಕ್ಷಿಸಿದರೆ ಕಾಣುವುದಿಲ್ಲ. ಆಗ ಯಾರನ್ನು ನಂಬಬೇಕು?" ಎಂದು ಶಿಷ್ಯ ಕೇಳಿದ.

"ಸರಿಯಾಗಿ ಪರೀಕ್ಷಿಸಿದೆಯಾ?"

"ಒಂದಲ್ಲ, ಎರಡು ಸಲ."

ಗುರುಗಳು ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ನಾಲ್ಕು ಹಸು ಕಟ್ಟಿದ್ದ. ಕರೆಂಟಿನ ವಿಷಯದಲ್ಲಿ ಊರಿಗೆ ಅವನ ಕೈಯೇ ಪ್ರಮಾಣ. ಯಾರ ತೋಟಕ್ಕೆ ಹೊಸ ಮೋಟಾರು ಬಂದರೂ ಮೊದಲು ಅವನನ್ನು ಕರೆಯುತ್ತಿದ್ದರು. ಅವನು ಸ್ವಿಚ್ಚು ಹಾಕಿಸಿ, ಕೈಯ ಹಿಂಬದಿಯನ್ನು ಮೋಟಾರಿನ ಮೈಗೆ ತಾಗಿಸುತ್ತಿದ್ದ. ಅಂಗೈಯಾದರೆ ಬೆರಳು ಮಡಿಚಿ ಹಿಡಿದುಕೊಂಡುಬಿಡುತ್ತದೆ, ಹಿಂಗೈಯಾದರೆ ಹೊಡೆದರೂ ಕೈ ತಾನಾಗಿ ಹಿಂದಕ್ಕೆ ಬರುತ್ತದೆ ಎಂದು ಅವನ ಅಪ್ಪ ಕಲಿಸಿದ್ದ. ಅವನು "ಸರಿಯಿದೆ" ಎಂದಮೇಲೆ ಊರಿನಲ್ಲಿ ಎರಡನೆಯ ಮಾತಿರಲಿಲ್ಲ.

ಒಂದು ವರ್ಷ ಅವನ ಅಂಗಾಲಿನಲ್ಲಿ ಹುಣ್ಣಾಯಿತು. ಮಾಯಲಿಲ್ಲ. ಸಗಣಿ ಗಂಜಲ ತುಳಿಯಬಾರದು ಎಂದರು ವೈದ್ಯರು. ಹೆಂಡತಿ ಸಂತೆಯಿಂದ ಮೊಣಕಾಲುದ್ದದ ರಬ್ಬರ್ ಬೂಟು ತಂದಳು. ಕೊಟ್ಟಿಗೆಯೊಳಗೆ ಚಪ್ಪಲಿ ಮೆಟ್ಟುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅವನು ಹಿಂದೆಮುಂದೆ ನೋಡಿದ.

"ಹಾಕ್ಕೊಳ್ಳಿ. ನಿಮ್ಮ ಪಾಲಿಂದೂ ಸೇರಿಸಿ ನಾನು ಬರಿಗಾಲಲ್ಲಿ ಇರ್ತೀನಲ್ಲ," ಎಂದಳು ಅವಳು.

ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಯಂತ್ರವಿತ್ತು. ಮಳೆಗಾಲ ಶುರುವಾದ ಮೇಲೆ ಒಂದು ದಿನ ಅವಳು ಹೊರಗೆ ಬಂದಳು.

"ಏನ್ರೀ, ಮೇವಿನ ಮಿಷನ್ನು ಕೈ ಕಚ್ತದೆ."

"ಅದಕ್ಕೆ ಹಲ್ಲು ಬಂದು ಎಷ್ಟು ದಿನ ಆಯ್ತೇ?" ಎಂದು ಅವನು ನಕ್ಕ. ನಕ್ಕರೂ ಕೈಯಲ್ಲಿದ್ದ ಕ್ಯಾನು ಕೆಳಗಿಟ್ಟು ಒಳಗೆ ಹೋದ. ಓಡುತ್ತಿದ್ದ ಯಂತ್ರಕ್ಕೆ ಹಿಂಗೈ ತಾಗಿಸಿದ. ಏನೂ ಇರಲಿಲ್ಲ.

ಎಂಟು ದಿನ ಕಳೆಯಿತು.

"ಇವತ್ತು ಮೊಣಕೈವರೆಗೆ ಜುಮ್ ಅಂತು. ಕೆಂದಿ ಕೂಡ ಅದರ ಪಕ್ಕ ನಿಲ್ತಾ ಇಲ್ಲ, ಹಗ್ಗ ಜಗ್ತಾಳೆ."

"ಹಸುವಿಗೂ ನಿನ್ನ ಚಾಳಿ ಕಲಿಸಿಬಿಟ್ಟೆಯಲ್ಲ."

ಈ ಸಲ ಅವನು ಮೂರು ಕಡೆ ಮುಟ್ಟಿದ. ಪ್ರತಿ ಸಲವೂ ನಿಧಾನವಾಗಿ, ಮನಸ್ಸಿಟ್ಟು ಮುಟ್ಟಿದ. ಏನೂ ಇರಲಿಲ್ಲ. ಕೈಯನ್ನು ಅವಳ ಮುಂದೆ ಹಿಡಿದು, "ಊರೇ ನಂಬೋ ಕೈ ಇದು," ಎಂದ.

ಅವಳು ಆ ಕೈಯನ್ನು ನೋಡಿದಳು. "ಹಾಗಾದ್ರೆ ನನಗೇ ಏನೋ ಆಗಿರ್ಬೇಕು," ಎಂದಳು.

ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಯಂತ್ರ ಮುಟ್ಟುವ ಮೊದಲು ಸೆರಗಿನಲ್ಲಿ ಕೈ ಒರೆಸಿಕೊಂಡು ಒಂದು ಗಳಿಗೆ ನಿಲ್ಲುತ್ತಿದ್ದಳು. ಅವನು ಅದನ್ನು ನೋಡಿದ್ದ. ಹೆಂಗಸರ ಅಂಜಿಕೆ ಎಂದುಕೊಂಡ.

ಒಂದು ಬೆಳಿಗ್ಗೆ ಅವನು ಡೇರಿಗೆ ಹಾಲು ಹಾಕಲು ಹೋದ. ಅವಳು ಕೊಟ್ಟಿಗೆ ತೊಳೆದು ಮೇವು ಕತ್ತರಿಸಲು ನಿಂತಳು. ಅವನು ವಾಪಸು ಬರುವಾಗ ಯಂತ್ರ ಓಡುವ ಸದ್ದು ದಾರಿಗೇ ಕೇಳುತ್ತಿತ್ತು. ಮೇವು ಕತ್ತರಿಸುವ ಸದ್ದು ಇರಲಿಲ್ಲ. ಅವನು ಓಡಿದ. ಓಡಿ ಪ್ರಯೋಜನವಿರಲಿಲ್ಲ.

ತಿಥಿ ಮುಗಿದ ಮೇಲೆ ಪಕ್ಕದ ಊರಿನಿಂದ ಎಲೆಕ್ಟ್ರಿಷಿಯನ್ ಒಬ್ಬ ಬಂದ. ಯಂತ್ರದೊಳಗೆ ವೈರಿನ ಹೊದಿಕೆಯನ್ನು ಇಲಿ ಕಡಿದಿತ್ತು. ಅವನು ಎಲ್ಲರನ್ನೂ ದೂರ ನಿಲ್ಲಿಸಿ ಸ್ವಿಚ್ಚು ಹಾಕಿದ. ಬಲ್ಬಿನ ಒಂದು ವೈರನ್ನು ಯಂತ್ರದ ಮೈಗೆ, ಇನ್ನೊಂದನ್ನು ನೆಲಕ್ಕೆ ನೆಟ್ಟ ಸರಳಿಗೆ ತಾಗಿಸಿದ. ಬಲ್ಬು ಹೊತ್ತಿತು.

"ನಾನು ಮುಟ್ಟಿ ನೋಡಿದ್ದೆ. ನನ್ನನ್ನೇಕೆ ಬಿಟ್ಟಿತು?" ಎಂದು ರೈತ ಕೇಳಿದ.

ಎಲೆಕ್ಟ್ರಿಷಿಯನ್ ಅವನ ಕಾಲು ನೋಡಿದ. "ಯಜಮಾನ್ರೇ, ಈ ಬೂಟು ಹಾಕ್ಕೊಂಡೇ ಮುಟ್ಟಿದ್ರಾ?"

"ಹೂಂ."

"ರಬ್ಬರು ಕರೆಂಟನ್ನು ನೆಲಕ್ಕೆ ಬಿಡೋದಿಲ್ಲ. ನೀವು ಮುಟ್ಟಿದಾಗಲೂ ಅದು ಅಲ್ಲೇ ಇತ್ತು."

ರೈತ ಅಲ್ಲೇ ಕುಳಿತ. ಅದಾದ ಮೇಲೆ ಊರಿನವರು ಹೊಸ ಮೋಟಾರು ಬಂದಿದೆ ಎಂದು ಕರೆದರೆ ಅವನು ಏಳುತ್ತಿರಲಿಲ್ಲ. "ಬೇರೆ ಯಾರನ್ನಾದರೂ ಕೇಳಿ," ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು.

"ಪಾಪ. ಅವನು ಅಸಡ್ಡೆ ಮಾಡಲಿಲ್ಲ. ಹೇಳಿದಾಗಲೆಲ್ಲ ಹೋಗಿ ನೋಡಿದ. ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ," ಎಂದ.

ಗುರುಗಳು ಹೇಳಿದರು: "ತಿಳಿದಿದ್ದವಳು ಮನೆಯಲ್ಲೇ ಇದ್ದಳು."