ಕಾಜಾಣದ ಬಾಯಲ್ಲಿ ಜಟ್ಟಪ್ಪನ ದನಿ

ಕಿವಿ ಇತ್ತ ಕೊಡಿ ಮಕ್ಕಳೇ. ಒಂದು ಕುರುಚಲು ಕಾಡು. ಕಾಡಿನ ದಾರಿ ಕವಲೊಡೆಯುವ ಕಡೆ ಒಂದು ಹಳೆಯ ತಾರೆ ಮರ. ಆ ಮರದ ಮೇಲೆ ಸಿದ್ದಕ್ಕ ಎಂಬ ಕಾಜಾಣ ಇದ್ದಳು. ಯಾವ ಹಕ್ಕಿಯ ದನಿಯನ್ನಾದರೂ ಹಾಗೆಯೇ ಕೂಗಿ ತೋರಿಸುವ ವಿದ್ಯೆ ಕಾಜಾಣಕ್ಕೆ ಹುಟ್ಟಿನಿಂದಲೇ ಬಂದಿರುತ್ತದಲ್ಲ, ಸಿದ್ದಕ್ಕ ಅದನ್ನು ಕಾಡಿನ ಉಪಕಾರಕ್ಕೆ ಹಚ್ಚಿದ್ದಳು. ಹಸಿದ ಪ್ರಾಣಿ ಬಂದು ಹಣ್ಣು ಎಲ್ಲಿದೆ, ನೀರು ಎಲ್ಲಿದೆ ಎಂದು ಕೇಳಿದರೆ, ಆ ವಿಷಯ ಬಲ್ಲ ಹಕ್ಕಿಯ ದನಿಯಲ್ಲಿ ಕೂಗುವಳು. ಪ್ರಾಣಿ ಆ ದನಿಯ ಹಕ್ಕಿಯನ್ನು ಹುಡುಕಿಕೊಂಡು ಹೋಗಿ ದಾರಿ ಕೇಳುವುದು, ಹೊಟ್ಟೆ ತುಂಬಿಸಿಕೊಳ್ಳುವುದು.

ತಿಂದವರು ತೋರಿಸಿದವರಿಗೆ ಏನಾದರೂ ಬಿಟ್ಟು ಹೋಗಬೇಕು, ಇದು ಅಲ್ಲಿನ ಪದ್ಧತಿ. ಹಂದಿ ಗೆಡ್ಡೆ ಕಿತ್ತರೆ, ಮಣ್ಣಿನಿಂದೆದ್ದ ಎರೆಹುಳ ತೋರಿಸಿದವರ ಪಾಲು. ಕರಡಿ ಹುತ್ತ ಒಡೆದರೆ ಒಂದಿಷ್ಟು ಗೆದ್ದಲು.

ಹೀಗೆ ದುಡಿದು ತಿನ್ನುವವರಲ್ಲಿ ಜಟ್ಟಪ್ಪನೂ ಒಬ್ಬ. ಹರಟೆಮಲ್ಲ ಹಕ್ಕಿ. ಮೈಬಣ್ಣ ಮಣ್ಣಿನದು, ಬಾಯಿ ಮಾತ್ರ ಡೊಳ್ಳಿನದು. ಯಾವ ಪೊದೆಯ ಬುಡದಲ್ಲಿ ಎಂಥ ಗೆಡ್ಡೆ ಇದೆ ಎಂದು ಅವನಷ್ಟು ಬಲ್ಲವರು ಕಾಡಿನಲ್ಲೇ ಇರಲಿಲ್ಲ. ಗೆಡ್ಡೆ ಕೇಳಿದವರಿಗೆ ಸಿದ್ದಕ್ಕ ಅವನ ದನಿಯನ್ನೇ ಕೂಗುತ್ತಿದ್ದಳು.

ಆದರೆ ಜಟ್ಟಪ್ಪನಿಗೆ ಅದು ಸಾಲಲಿಲ್ಲ. ಗೂಡಿನಲ್ಲಿ ಆಗಷ್ಟೇ ಮೊಟ್ಟೆಯೊಡೆದ ಮರಿಗಳು ಬಾಯಿ ಬಿಟ್ಟುಕೊಂಡೇ ಕೂತಿದ್ದವು. ಇನ್ನು ಮೇಲೆ ಹಣ್ಣಿಗೂ ತಾನೇ, ನೀರಿಗೂ ತಾನೇ, ಜೇನಿಗೂ ತಾನೇ ಎಂದು ಅವನು ಎದೆಯುಬ್ಬಿಸಿದ.

"ಜೇನು ಎಲ್ಲಿದೆ ಅಂತ ನಿಮಗೆ ಗೊತ್ತೇನ್ರೀ?" ಎಂದಳು ಹೆಂಡತಿ ಸಣ್ಣವ್ವ.

"ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ. ನೀನು ಮರಿ ನೋಡಿಕೋ, ಕಾಡನ್ನು ನಾನು ನೋಡಿಕೊಳ್ಳುತ್ತೇನೆ."

ಯಾರ ಹೆಸರು ಹೆಚ್ಚು ಬಾಯಲ್ಲಿ ಓಡಾಡುತ್ತದೋ ಅವರನ್ನು ಸಿದ್ದಕ್ಕ ಬಲ್ಲವರೆಂದು ನಂಬುತ್ತಾಳೆ, ಇದು ಜಟ್ಟಪ್ಪನಿಗೆ ತಿಳಿದಿತ್ತು. ಸೀದಾ ಹೊಂಡಕ್ಕೆ ಹೋಗಿ ಕಪ್ಪೆಗಳ ಜೊತೆ ಒಪ್ಪಂದ ಮಾಡಿಕೊಂಡ. ಅವನು ಪೊದೆ ಕೆದರಿ ಹೊಂಡದ ಕಡೆಗೆ ಸೊಳ್ಳೆ ಎಬ್ಬಿಸಬೇಕು, ಅವು ಅವನ ಹೆಸರನ್ನು ವಟಗುಟ್ಟಬೇಕು. ಯಾತಕ್ಕೆ ಹೊಗಳುತ್ತಿದ್ದೇವೆಂದು ಕಪ್ಪೆಗಳಿಗೂ ಗೊತ್ತಿರಲಿಲ್ಲ. ಇವನೋ, ಕೊಂಬೆಯ ತುದಿಗೆ ಕೂತು "ಹಣ್ಣು ಜೇನು ನೀರು, ಹಣ್ಣು ಜೇನು ನೀರು" ಎಂದು ಒಂದೇ ಸಮನೆ ಅರಚತೊಡಗಿದ. ಎಲ್ಲಿದೆ, ಹೇಗಿದೆ, ಒಂದೂ ಇಲ್ಲ. ಬರೀ ಹೆಸರು.

ತಂತ್ರ ಫಲಿಸಿತು. ಏನು ಕೇಳಿದರೂ ತಾರೆ ಮರದಿಂದ ಜಟ್ಟಪ್ಪನ ದನಿಯೇ ಹೊರಟಿತು. ಅವನ ಕೊಂಬೆಯ ಕೆಳಗೆ ಸಂತೆ ನೆರೆಯಿತು. ಬಾಯಿಗೆ ಬಂದ ದಿಕ್ಕು ತೋರಿಸಿ ಕಳಿಸುತ್ತಿದ್ದ.

ಆಗ ಬಂದ ಕೆಂಚಪ್ಪ, ಅತ್ತಿ ಮರದ ಮುಸುವ ಕೋತಿ. ಅವನಿಗೆ ಚಿರತೆಯ ಭಯ. ಮರದ ಕೆಳಗೆ ನಾಲ್ಕು ಪ್ರಾಣಿ ಓಡಾಡಿಕೊಂಡಿದ್ದರೆ ವಾಸನೆ ಹಿಡಿದಾದರೂ ಎಚ್ಚರಿಸುತ್ತವೆ ಎಂಬುದು ಅವನ ಲೆಕ್ಕ.

"ನನ್ನ ಮರದ ಹಣ್ಣು ಬೆಲ್ಲದಂತಿದೆ ಅಂತ ಹೇಳಿಬಿಡಪ್ಪಾ. ಎಲೆ ಮೇಲಿನ ಕಂಬಳಿಹುಳವೆಲ್ಲ ನಿನ್ನ ಮರಿಗಳಿಗೆ."

"ಹಣ್ಣಾಗಿದೆಯಾ?"

"ಆಗುತ್ತೆ, ಆಗುತ್ತೆ. ನಿನಗ್ಯಾಕೆ ಆ ಚಿಂತೆ?"

ಜಟ್ಟಪ್ಪ ಮರದ ಕಡೆ ತಲೆಯನ್ನೂ ತಿರುಗಿಸದೆ ಒಪ್ಪಿಕೊಂಡ. ಅವನ ಮಾತು ನಂಬಿದ ಕರಡಿ ಹಾಲು ಸೋರುವ ಕಾಯಿ ಅತ್ತಿಯನ್ನು ಹೊಟ್ಟೆ ಬಿರಿಯ ತಿಂದು, ಹೊಟ್ಟೆ ಹಿಡಿದುಕೊಂಡು ಉರುಳಾಡಿತು. ಕೊನೆಗೆ ಮುಲುಗುತ್ತ ಮತ್ತೆ ತಾರೆ ಮರದ ಬುಡಕ್ಕೇ ಬಂದು, "ಸಿದ್ದಕ್ಕ, ಹಣ್ಣಾದ ಅತ್ತಿ ಎಲ್ಲಿದೆ?" ಎಂದು ಕೇಳಿತು. ಅದರ ಹಿಂದೆ ನೀರು ಸಿಗದ ಮೊಲ, ಜೇನು ಸಿಗದೆ ಮುಳ್ಳು ಚುಚ್ಚಿಸಿಕೊಂಡ ಇನ್ನೊಂದು ಕರಡಿ. ಎಲ್ಲರದೂ ಬೆಳಗ್ಗೆ ಕೇಳಿದ್ದೇ ಪ್ರಶ್ನೆ.

ಮಾರನೆಯ ದಿನ ತಾರೆ ಮರದಿಂದ ಹಣ್ಣಿಗೆ ಪಿಕಳಾರದ ದನಿ ಬಂತು, ಜೇನಿಗೆ ಕುಟ್ರುಹಕ್ಕಿಯ ದನಿ ಬಂತು, ಜಟ್ಟಪ್ಪನದು ಬರಲಿಲ್ಲ. ಗೆಡ್ಡೆಗೂ ಬರಲಿಲ್ಲ. ಸಂತೆ ಕರಗಿತು. ಬರುವವರಿಲ್ಲದ ಮೇಲೆ ಹುಳ ಯಾಕೆ ಎಂದು ಕೆಂಚಪ್ಪನೂ ಓಡಿಸಿದ. ಗಂಡ ಹೆಂಡತಿ ಇಬ್ಬರೂ ಎಷ್ಟು ಕೆದರಿದರೂ ಗೂಡಿನ ಅಷ್ಟು ಬಾಯಿಗೆ ಸಾಲದು. ಎಲ್ಲಕ್ಕಿಂತ ಸಣ್ಣ ಮರಿ ಕೂಗುವುದನ್ನೇ ನಿಲ್ಲಿಸಿತು.

"ಕಾಡು ನೋಡಿಕೊಂಡಿದ್ದು ಆಯ್ತಲ್ಲ, ಈಗ ಮರಿ ನೋಡಿ," ಎಂದಳು ಸಣ್ಣವ್ವ.

ಜಟ್ಟಪ್ಪ ರೆಕ್ಕೆ ಜೋಲುಬಿಟ್ಟುಕೊಂಡು ಸಿದ್ದಕ್ಕನ ಬಳಿ ಹೋದ. ತನ್ನ ಕೊಂಬೆಯ ಕೆಳಗೆ ಅಷ್ಟೊಂದು ಜನ ನೆರೆದದ್ದು ಕಾಣಲಿಲ್ಲವೇ ಎಂದು ವಾದಿಸಿದ.

"ನಿನ್ನ ಹತ್ತಿರ ಎಷ್ಟು ಜನ ಬಂದರು ಅಂತ ನೀನು ನೋಡಿದೆ ತಮ್ಮಾ," ಎಂದಳು ಸಿದ್ದಕ್ಕ. "ನನ್ನ ಹತ್ತಿರ ಎಷ್ಟು ಜನ ತಿರುಗಿ ಬಂದರು ಅಂತ ನಾನು ನೋಡಿದೆ. ಹೊಟ್ಟೆ ತುಂಬಿದವರು ಅದೇ ಪ್ರಶ್ನೆ ಹೊತ್ತು ಮತ್ತೆ ಯಾಕೆ ಬರುತ್ತಾರೆ?"

ಜಟ್ಟಪ್ಪ ಅಲ್ಲಿಂದ ನೇರ ಹೊಂಡಕ್ಕೆ ಹೋಗಿ ಕಪ್ಪೆಗಳಿಗೆ ಕೈಮುಗಿದು ಸುಮ್ಮನಿರಿಸಿದ. ತಾನೇ ನೋಡಿ ಬಂದದ್ದನ್ನು ಮಾತ್ರ ಕೂಗಲು ಶುರುಮಾಡಿದ: ಕಾರೆ ಪೊದೆಯ ಬುಡದಲ್ಲಿ ಗೆಡ್ಡೆ ಬಲಿತಿದೆ, ಕಲ್ಲು ಜಾಸ್ತಿ, ಮೂತಿ ಜೋಪಾನ. ಜೇನು ಕೇಳಿದವರಿಗೆ ತನಗೆ ಗೊತ್ತಿಲ್ಲವೆಂದು ಹೇಳಿ ಕುಟ್ರುಹಕ್ಕಿಯ ಕಡೆ ಕಳಿಸಿದ.

ದಾರಿಹೋಕರು ಜಟ್ಟಪ್ಪನ ಮಾತಿಗೆ ಕಿವಿಗೊಡುವುದನ್ನು ಕಂಡು ಕೆಂಚಪ್ಪ ಮತ್ತೆ ಹುಳದ ಆಸೆ ಹಚ್ಚಲು ಬಂದ. ಮರಿಗಳ ಹಸಿವು ಕಣ್ಣ ಮುಂದಿತ್ತು, ಜಟ್ಟಪ್ಪ ಬೇಡವೆನ್ನಲಿಲ್ಲ. ಆದರೆ ಹೀಗೆ ಕೂಗಿದ:

"ಇದು ಕೆಂಚಪ್ಪ ಹುಳ ಕೊಟ್ಟು ಹೇಳಿಸುತ್ತಿರುವ ಮಾತು, ಕೇಳಿಸಿಕೊಳ್ಳಿ. ಅವನ ಅತ್ತಿ ಇನ್ನೂ ಕಾಯಿ. ನೆರಳು ಮಾತ್ರ ತಂಪು. ಚಿರತೆ ಬಂದರೆ ಮೇಲಿಂದ ಅವನಿಗೆ ಮೊದಲು ಕಾಣುತ್ತದೆ."

"ಹೀಗೆ ಹೇಳಿದರೆ ಯಾರಯ್ಯಾ ಬರುತ್ತಾರೆ?" ಎಂದು ಕೆಂಚಪ್ಪ ಹಲ್ಲು ಕಿರಿದ.

ಬಂದರು. ಮರಿ ಹಾಕಿದ ಜಿಂಕೆಗಳಿಗೆ ಬೇಕಾಗಿದ್ದದ್ದು ಹಣ್ಣಲ್ಲ, ಮೇಲೊಂದು ಕಾವಲಿನ ಕಣ್ಣು. ಹಿಂಡು ಬಂದು ನೆರಳಿಗೆ ನಿಂತಿತು. ಕೆಂಚಪ್ಪ ತಲೆ ಕೆರೆದುಕೊಳ್ಳುತ್ತ ಹುಳ ಬಿಟ್ಟುಕೊಟ್ಟ. ಸಣ್ಣ ಮರಿ ಮತ್ತೆ ಬಾಯಿ ತೆರೆಯಿತು.

ಒಂದು ಬೆಳಗ್ಗೆ, ದಾರಿಯಲ್ಲಿ ಹೋಗುತ್ತಿದ್ದ ಹಂದಿಯೊಂದು ಜಟ್ಟಪ್ಪನ ಮಾತು ಕೇಳಿ ಗೆಡ್ಡೆಗೆ ನುಗ್ಗುವುದನ್ನು ಸಿದ್ದಕ್ಕ ನೋಡಿದಳು. ಅದು ತಿರುಗಿ ಬಂದೀತೇ ಎಂದು ಕಾದಳು. ಬಿಸಿಲೇರಿತು, ಹಂದಿ ಬರಲಿಲ್ಲ. ಹೊತ್ತು ಇಳಿಯಿತು, ಆಗಲೂ ಬರಲಿಲ್ಲ. ಅಗೆದ ಮಣ್ಣಿನ ಮೇಲೆ ಜಟ್ಟಪ್ಪ, ಸಣ್ಣವ್ವ ಇಬ್ಬರೂ ಎರೆಹುಳ ಹೆಕ್ಕುತ್ತಿದ್ದರು.

ಅಷ್ಟರಲ್ಲಿ ಮುಳ್ಳುಹಂದಿಯೊಂದು ತಾರೆ ಮರದ ಕೆಳಗೆ ಬಂದು ಗೆಡ್ಡೆ ಎಲ್ಲಿದೆ ಎಂದು ಕೇಳಿತು. ಸಿದ್ದಕ್ಕ ಬಾಲ ಕುಣಿಸಿ ಬಾಯಿ ತೆರೆದಳು. ಹೊರಟದ್ದು ಡೊಳ್ಳಿನಂಥ ಒರಟು ದನಿ.

"ನೋಡೇ, ನನ್ನ ದನಿ," ಎಂದ ಜಟ್ಟಪ್ಪ, ಬಾಯಲ್ಲಿದ್ದ ಹುಳವನ್ನೂ ಮರೆತು.

ನೀತಿ: ಕೊಂಬೆಯ ಮೇಲೆ ಕೂಗುವವರಾಗಲಿ, ಬ್ಲಾಗ್ ಬರೆದು ದುಡಿಯುವವರಾಗಲಿ, ಕಂಡದ್ದನ್ನು ಹೇಳಿ, ಯಾರಾದರೂ ಏನಾದರೂ ಕೊಟ್ಟು ಹೇಳಿಸಿದ್ದಾದರೆ ಅದನ್ನು ಮುಚ್ಚಿಡಬೇಡಿ, ಹುಡುಕಿ ಬಂದವರ ಹುಡುಕಾಟ ನಿಮ್ಮಲ್ಲಿ ಮುಗಿದರೆ ಹೆಸರೂ ಮುಂದೆ ಬರುತ್ತದೆ, ಹೊಟ್ಟೆಯೂ ತುಂಬುತ್ತದೆ.