ಮೊದಲು ಬಾಯಿ ಬಿಡಬೇಕಾದವನು

“ಕೈಯಲ್ಲಿ ಏನೂ ಇಲ್ಲದವನು ಎಲ್ಲರಿಗಿಂತ ಮೊದಲು ಮಾತನಾಡಬೇಕಾಗಿ ಬಂದರೆ ಏನು ಮಾಡಬೇಕು, ಗುರುಗಳೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳಿಗೆ ಪ್ರಶ್ನೆ ಬಹಳ ಹಿಡಿಸಿತು. “ಒಂದು ಆಟದ ಕತೆ ಹೇಳುತ್ತೇನೆ. ಇಸ್ಪೀಟು ಅಂತ ಮುಖ ಸಿಂಡರಿಸಬೇಡ, ಪೂರ್ತಿ ಕೇಳು” ಎಂದು ಶುರುಮಾಡಿದರು.

ಹೊಳೆದಂಡೆಯ ಒಂದು ಊರು. ಯುಗಾದಿಯ ದಿನ ಬೇವುಬೆಲ್ಲ ತಿಂದು ಇಸ್ಪೀಟೆಲೆ ಹಿಡಿಯದವನಿಗೆ ವರ್ಷವಿಡೀ ಗೆಲುವಿಲ್ಲ ಎಂದು ಅಲ್ಲಿಯವರ ನಂಬಿಕೆ. ಬೆಳಗಿನಿಂದ ಆಡಿ ಆಡಿ ಉಳಿದವರೆಲ್ಲ ಎದ್ದರು. ಒಬ್ಬ ಅಂಬಿಗ, ಒಬ್ಬ ವ್ಯಾಪಾರಿ, ಇಬ್ಬರೇ ಉಳಿದರು.

ಆಟ ಇಷ್ಟೇ. ಕೈಗೆ ಎರಡೆರಡು ಎಲೆ. ನಡುವೆ ಇಬ್ಬರಿಗೂ ಸೇರಿದ ಐದು ಎಲೆ, ಒಂದೊಂದಾಗಿ ಬೀಳುತ್ತವೆ. ಕೈಯದೂ ನಡುವಿನದೂ ಸೇರಿಸಿ ಒಂದೇ ಜಾತಿಯ ಐದು, ಐದೂ ಆಟೀನು ಇಲ್ಲವೇ ಐದೂ ಕಳಾವರ್ ಹೀಗೆ, ಕೂಡಿಸಿದವನ ಮುಂದೆ ಜೋಡಿ ಹಿಡಿದವನು ಸೋತ. ಪಣ ಏರಿಸಿದರೆ ಎದುರಿನವನು ಸಮನಾಗಿ ಇಟ್ಟು ಎಲೆ ನೋಡಬೇಕು, ಇಲ್ಲವೇ ಸೋತೆನೆಂದು ಎಲೆ ಕೆಳಗಿಡಬೇಕು.

ವ್ಯಾಪಾರಿ ಪಣಕ್ಕೆ ಹಸು ಇಟ್ಟಿದ್ದ. ಅಂಬಿಗ ತನ್ನ ಹರಿಗೋಲನ್ನೇ ಇಟ್ಟಿದ್ದ. ಅದು ಹೋದರೆ ಅವನ ಅನ್ನ ಹೋದಂತೆ. ಅವನ ಕೈಯಲ್ಲಿ ಎರಡು ಆಟೀನು. ನಡುವೆ ನಾಲ್ಕು ಎಲೆ ಬಿದ್ದಿದ್ದವು: ಎರಡು ಆಟೀನು, ಎರಡು ಕಳಾವರ್. ಇನ್ನೊಂದು ಆಟೀನು ಬಿದ್ದರೆ ಸಾಕಿತ್ತು. ಬಿದ್ದದ್ದು ಕಳಾವರ್; ಅವನ ಕೈ ಬರಿದಾಯಿತು.

ಮೊದಲು ಬಾಯಿ ಬಿಡಬೇಕಾದವನು ಅಂಬಿಗನೇ. ಸುಮ್ಮನಿದ್ದರೆ ವ್ಯಾಪಾರಿಯೂ ಸುಮ್ಮನೆ ಎಲೆ ಬಿಚ್ಚುತ್ತಾನೆ, ಹರಿಗೋಲು ಹೋಗುತ್ತದೆ.

“ಏನಪ್ಪಾ, ಊರನ್ನೆಲ್ಲ ದಾಟಿಸೋನಿಗೆ ದಡ ಕಾಣ್ತಿಲ್ವೋ?” ಎಂದು ವ್ಯಾಪಾರಿ ಕೆಣಕಿದ.

“ಈ ಹೊಳೆ ದಾಟಿಸೋ ನನ್ನ ಕಡವಿನ ಹಕ್ಕೂ ಇಟ್ಟೆ ಸಾವ್ಕಾರ್ರೆ. ನೀವು ನಿಮ್ಮ ಕುದುರೆ ಇಡಿ” ಎಂದ ಅಂಬಿಗ.

ಎಂಥ ಲೆಕ್ಕ ನೋಡು. ಹರಿಗೋಲೇ ಹೋದಮೇಲೆ ಕಡವು ಇದ್ದೇನು ಫಲ? ಅವನು ಹೆಚ್ಚಿಗೆ ಇಟ್ಟದ್ದು ಏನೂ ಇಲ್ಲ. ಎದುರಿನವನಿಗೆ ಮಾತ್ರ ಅದು ಬೆಟ್ಟದಷ್ಟು ಕಂಡಿತು.

ವ್ಯಾಪಾರಿಯ ಕೈಯಲ್ಲಿ ರಾಜರ ಜೋಡಿ ಇತ್ತು. ಅವನು ಯೋಚಿಸಿದ. ಈ ಮನುಷ್ಯ ಬೆಳಗಿನಿಂದ ಕೆಟ್ಟ ಎಲೆ ಬಂದಾಗಲೆಲ್ಲ ತಕರಾರಿಲ್ಲದೆ ಕೆಳಗಿಟ್ಟಿದ್ದಾನೆ. ಏರಿಸಿದಾಗಲೆಲ್ಲ ಅವನ ಕೈ ತುಂಬಿತ್ತು. ಈ ಸಲವೂ ಯಾವುದೋ ಎಲೆಗೆ ಕಾದವನ ಹಾಗೆ, ನನ್ನ ಹಸುವಿಗೆ ಎದುರು ಹರಿಗೋಲು ಇಟ್ಟು ನನ್ನ ಹಿಂದೆ ಬಂದ. ಕಾದದ್ದು ಈ ಮೂರನೆಯ ಕಳಾವರಿಗೇ; ಕೈಯಲ್ಲಿ ಎರಡಿದ್ದರೆ ಐದಾಯಿತು. ಏನೂ ಇಲ್ಲದವನು ನನಗಿಂತ ಮೊದಲು ಇಷ್ಟು ಧೈರ್ಯ ಮಾಡುತ್ತಾನೆಯೇ?

ವ್ಯಾಪಾರಿ ರಾಜರನ್ನು ಕೆಳಗಿಟ್ಟ. “ಏನಿತ್ತೋ, ತೋರಿಸು.”

“ನೋಡೋದಕ್ಕೆ ಕುದುರೆ ಇಡಬೇಕಿತ್ತು ಸಾವ್ಕಾರ್ರೆ” ಎಂದು ಅಂಬಿಗ ತನ್ನ ಎಲೆಗಳನ್ನು ಕಟ್ಟಿನೊಳಗೆ ಕಲಸಿಬಿಟ್ಟ. ಹಸುವನ್ನು ಹರಿಗೋಲಿಗೆ ಹತ್ತಿಸಿಕೊಂಡು ಆಚೆ ದಡದ ತನ್ನ ಮನೆಗೆ ಹೋದ.

ಶಿಷ್ಯನ ಮುಖ ಅರಳಿತು. “ಹಾಗಾದರೆ ಬರಿಗೈಯಾದರೂ ಹೆದರದೆ ಮೊದಲು ಮಾತನಾಡಿಬಿಡಬೇಕು. ನಾನೂ ಹಾಗೇ ಮಾಡಬಹುದಲ್ಲವೇ, ಗುರುಗಳೇ?”

“ಮಾಡಬಹುದು, ಆದರೆ ನಿನ್ನ ಮಾತು ನಂಬಿ ಕೈಯಲ್ಲಿರುವ ಗೆಲುವನ್ನು ಕೆಳಗಿಡುವ ಒಬ್ಬನ ಹೆಸರು ಹೇಳು” ಎಂದರು ಗುರುಗಳು.